ಕಾಡಿನ ಗೇಟಿನಲ್ಲಿ ಕ್ಯಾಮೆರಾ: ವಾಣಿಜ್ಯ ಛಾಯಾಗ್ರಹಣಕ್ಕಿರುವ ಕಟ್ಟಳೆಗಳು

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಪಿರೆಡ್ಡಿಪಟ್ಟಿಯು ಸೇರ್ವರಾಯನ್ ಬೆಟ್ಟಸಾಲಿನ ತಪ್ಪಲಿನಲ್ಲಿರುವ ತಾಲ್ಲೂಕು ಕೇಂದ್ರವಾಗಿದ್ದು, ಅಲ್ಲಿಂದ ಒಂದು ಹಗಲಿನಲ್ಲಿ ಹೋಗಿಬರಬಹುದಾದ ದೂರದೊಳಗೆ ಛಾಯಾಗ್ರಾಹಕರನ್ನು ಸೆಳೆಯುವ ತಾಣಗಳು ಹಲವಿವೆ. ಬೆಟ್ಟದಿಂದ ಇಳಿದು ಮುಂದೆ ದಕ್ಷಿಣ ಪಿನಾಕಿನಿಯನ್ನು ಸೇರುವ ವಾಣಿಯಾರು ಹೊಳೆಗೆ ಕಟ್ಟಿದ ಜಲಾಶಯ, ಅದರ ಹಿಂದೆ ಏರುತ್ತ ಹೋಗುವ ಮೀಸಲು ಅರಣ್ಯ, ಬೆಟ್ಟದ ನೆತ್ತಿಯಲ್ಲಿ ಸೇಲಂ ಜಿಲ್ಲೆಗೆ ಸೇರಿದ ಏರ್ಕಾಡಿನ ಕೆರೆ ಮತ್ತು ತೋಟಗಳು, ಬೆಟ್ಟದ ಆಚೆ ಬುಡದಲ್ಲಿ ಕುರುಂಬಪಟ್ಟಿಯ ಮೃಗಾಲಯ, ಧರ್ಮಪುರಿಯನ್ನು ದಾಟಿ ಪಶ್ಚಿಮಕ್ಕೆ ಹೋದರೆ ಕಾವೇರಿಯ ಹೊಗೇನಕಲ್ ಜಲಪಾತ, ಇವೆಲ್ಲವೂ ಮದುವೆಗೆ ಮುಂಚಿನ ಫೋಟೊ ತೆಗೆಯುವ ಸ್ಟುಡಿಯೋದವರಿಗೂ ಜಾಹೀರಾತು ಮತ್ತು ಸಿನಿಮಾ ತಂಡಗಳಿಗೂ ಯೂಟ್ಯೂಬ್ ಚಾನೆಲ್ ನಡೆಸುವವರಿಗೂ ಬೇಕಾದ ಹಿನ್ನೆಲೆಗಳೇ. ಇಂಥ ಕಡೆ ಬರುವವರು ಸಾಮಾನ್ಯವಾಗಿ ಕೇಳುವುದು ಇಲ್ಲಿ ಫೋಟೊ ತೆಗೆಯಬಹುದೇ ಎಂದು. ಕಾನೂನು ಅದಕ್ಕೂ ಮೊದಲು ಕೇಳುವುದು ಈ ನೆಲ ಯಾರ ವಶದಲ್ಲಿದೆ ಎಂದು.

ನೆಲದ ಒಡೆತನ ಬದಲಾದಂತೆ ಅನುಮತಿ ಕೊಡುವ ಕಚೇರಿಯೂ ಬದಲಾಗುತ್ತದೆ ಎಂಬುದನ್ನು ಈ ಒಂದೇ ಪ್ರದೇಶದಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಣೆಕಟ್ಟು ನೀರಾವರಿಯನ್ನು ನೋಡಿಕೊಳ್ಳುವ ಜಲಸಂಪನ್ಮೂಲ ಇಲಾಖೆಗೆ ಸೇರಿದ್ದು; ಅದರ ಮೇಲಿನ ಇಳಿಜಾರು ಅರಣ್ಯ ಇಲಾಖೆಗೆ; ಏರ್ಕಾಡಿನ ಸರ್ಕಾರಿ ಉದ್ಯಾನಗಳು ತೋಟಗಾರಿಕೆ ಇಲಾಖೆಗೆ; ಅದೇ ಊರಿನಲ್ಲಿರುವ ಆರ್ಕಿಡ್ ಸಂಗ್ರಹಾಲಯವಂತೂ ಕೇಂದ್ರ ಸರ್ಕಾರದ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಗೆ. ಬೆಳಿಗ್ಗೆ ಅಣೆಕಟ್ಟಿನ ಮೇಲೆ ಆರಂಭವಾಗಿ ಸಂಜೆ ಏರ್ಕಾಡಿನ ಕೆರೆಯ ದಡದಲ್ಲಿ ಮುಗಿಯುವ ಒಂದು ದಿನದ ಚಿತ್ರೀಕರಣವು ಹೀಗೆ ಮೂರು ನಾಲ್ಕು ಇಲಾಖೆಗಳ ಗಡಿ ದಾಟುತ್ತದೆ. ಒಂದು ಕಡೆ ಪಡೆದ ರಸೀದಿ ಇನ್ನೊಂದು ಕಡೆ ನಡೆಯುವುದಿಲ್ಲ. ಉದ್ಯಾನದ ಬಾಗಿಲಲ್ಲಿ ಕೊಡುವ ಕ್ಯಾಮೆರಾ ಟಿಕೆಟನ್ನೇ ಚಿತ್ರೀಕರಣದ ಅನುಮತಿ ಎಂದುಕೊಳ್ಳುವುದು ಈ ವೃತ್ತಿಯಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು ತಿಳಿವಳಿಕೆ. ಆ ಟಿಕೆಟು ಪ್ರವಾಸಿಗನು ಕ್ಯಾಮೆರಾವನ್ನು ಒಳಗೆ ಕೊಂಡೊಯ್ಯಲು ತೆರುವ ಶುಲ್ಕವೇ ಹೊರತು, ಬಾಡಿಗೆಯ ಉಡುಪು, ದೀಪ, ರಿಫ್ಲೆಕ್ಟರ್, ಸಹಾಯಕರೊಂದಿಗೆ ಅಲ್ಲಿ ಕೆಲಸ ನಡೆಸಲು ಸಿಕ್ಕ ಹಕ್ಕಲ್ಲ.

ಕಾಡಿನ ವಿಷಯದಲ್ಲಿ ಇನ್ನೊಂದು ಭೇದವನ್ನು ಮನದಟ್ಟು ಮಾಡಿಕೊಳ್ಳಬೇಕು. ಮೀಸಲು ಅರಣ್ಯ ಎಂದರೆ ಅರಣ್ಯ ಕಾಯ್ದೆಯ ಅಡಿಯಲ್ಲಿ ಸರ್ಕಾರ ಗಡಿ ಗುರುತಿಸಿ ಕಾದಿರಿಸಿದ ಭೂಮಿ. ತಮಿಳುನಾಡಿನಲ್ಲಿ ಅದಕ್ಕೆ ಅನ್ವಯವಾಗುವುದು 1882ರಷ್ಟು ಹಳೆಯ ಅರಣ್ಯ ಕಾಯ್ದೆ, ಕರ್ನಾಟಕದಲ್ಲಿ 1963ರ ಕಾಯ್ದೆ, ಮತ್ತು ಎರಡರಲ್ಲೂ ಅನುಮತಿಯಿಲ್ಲದ ಪ್ರವೇಶವೇ ಒಂದು ಅಪರಾಧ. ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನ ಮತ್ತು ಹುಲಿ ಸಂರಕ್ಷಿತ ಪ್ರದೇಶಗಳು ಅದಕ್ಕಿಂತ ಬಿಗಿಯಾದ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹಿಡಿತದಲ್ಲಿರುತ್ತವೆ. ನಿನ್ನೆಯವರೆಗೆ ಬರಿಯ ಮೀಸಲು ಅರಣ್ಯವಾಗಿದ್ದುದು ಇಂದು ವನ್ಯಜೀವಿಧಾಮವಾಗಿರಬಹುದು ಎಂಬುದಕ್ಕೆ ಉದಾಹರಣೆ ದೂರದಲ್ಲಿಲ್ಲ: ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳ ಸುಮಾರು 686 ಚದರ ಕಿಲೋಮೀಟರ್ ಮೀಸಲು ಅರಣ್ಯವನ್ನು 2022ರ ನವೆಂಬರಿನಲ್ಲಿ ತಮಿಳುನಾಡು ಸರ್ಕಾರ ಕಾವೇರಿ ದಕ್ಷಿಣ ವನ್ಯಜೀವಿಧಾಮ ಎಂದು ಘೋಷಿಸಿತು, ಮತ್ತು ಅದರೊಂದಿಗೆ ಆ ಕಾಡಿನಲ್ಲಿ ಕ್ಯಾಮೆರಾ ಹಿಡಿಯುವವರಿಗೆ ಅನ್ವಯಿಸುವ ಕಾನೂನೂ ಬೇರೆಯಾಯಿತು.

ವನ್ಯಜೀವಿ ಕಾಯ್ದೆಯ 28ನೆಯ ಕಲಮು ಈ ವಿಷಯದ ಬೇರು. ವನ್ಯಜೀವಿಧಾಮವನ್ನು ಪ್ರವೇಶಿಸಲು ಯಾವ ಯಾವ ಉದ್ದೇಶಗಳಿಗೆ ಅನುಮತಿ ಕೊಡಬಹುದು ಎಂಬುದನ್ನು ಅದು ಹೇಳುತ್ತದೆ: ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಹಾಗೂ ಒಳಗೆ ವಾಸಿಸುವವರೊಡನೆ ನ್ಯಾಯಬದ್ಧ ವ್ಯವಹಾರ. ಅನುಮತಿ ಕೊಡುವ ಅಧಿಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರದು, ಅಂದರೆ ಇಡೀ ರಾಜ್ಯದ ವನ್ಯಜೀವಿ ಆಡಳಿತಕ್ಕೆ ಹೊಣೆಯಾದ ಹಿರಿಯ ಅರಣ್ಯಾಧಿಕಾರಿಯದು. ಅವರು ಶರತ್ತುಗಳನ್ನು ಹಾಕಬಹುದು, ಶುಲ್ಕವನ್ನೂ ವಿಧಿಸಬಹುದು. 35ನೆಯ ಕಲಮು ಇದೇ ಏರ್ಪಾಟನ್ನು ರಾಷ್ಟ್ರೀಯ ಉದ್ಯಾನಗಳಿಗೂ ಹೊಂದಿಸುತ್ತದೆ. ಮೂಲ ಕಾಯ್ದೆಯಲ್ಲಿ ಛಾಯಾಗ್ರಹಣ ಎಂಬ ಒಂದೇ ಪದವಿತ್ತು. 2022ರ ತಿದ್ದುಪಡಿ ಅದಕ್ಕೆ ಚಲನಚಿತ್ರ ನಿರ್ಮಾಣವನ್ನು ಸೇರಿಸಿ, ಜೊತೆಯಲ್ಲೇ ಒಂದು ಕಡಿವಾಣವನ್ನೂ ತೊಡಿಸಿತು: ನೆಲೆಯಲ್ಲಿ ಯಾವ ಬದಲಾವಣೆಯನ್ನೂ ಮಾಡದೆ, ನೆಲೆಗೂ ಜೀವಿಗಳಿಗೂ ಕೆಡುಕಾಗದಂತೆ ನಡೆಯುವ ಚಿತ್ರಣಕ್ಕೆ ಮಾತ್ರ ಅನುಮತಿ. ನೆಲೆ ಎಂದರೆ ಇಲ್ಲಿ ಪ್ರಾಣಿಗಳು ಬದುಕುವ ನೆಲ, ನೀರು, ಸಸ್ಯಗಳ ಒಟ್ಟು ಪರಿಸರ. ಅದೇ ತಿದ್ದುಪಡಿಯಲ್ಲಿ ಸಾಮಾನ್ಯ ಉಲ್ಲಂಘನೆಯ ದಂಡದ ಮಿತಿಯು 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿದೆ. ಮೂರು ವರ್ಷದವರೆಗಿನ ಸೆರೆವಾಸದ ಸಾಧ್ಯತೆ ಆ ತಿದ್ದುಪಡಿಗೂ ಮೊದಲೇ ಇತ್ತು, ಈಗಲೂ ಇದೆ.

ಈ ಕಲಮಿನಲ್ಲಿ ಇಲ್ಲದಿರುವ ಒಂದು ಪದವೂ ಗಮನಾರ್ಹವಾದದ್ದು. ವಾಣಿಜ್ಯ ಛಾಯಾಗ್ರಹಣ ಎಂದರೆ ಏನು ಎಂದು ಕಾಯ್ದೆ ಎಲ್ಲಿಯೂ ವ್ಯಾಖ್ಯಾನಿಸುವುದಿಲ್ಲ. ಆ ಕೆಲಸ ರಾಜ್ಯಗಳ ಸುತ್ತೋಲೆಗಳಿಗೂ ಶುಲ್ಕದ ಪಟ್ಟಿಗಳಿಗೂ ಕೊನೆಗೆ ಗೇಟಿನಲ್ಲಿ ಕುಳಿತ ಸಿಬ್ಬಂದಿಯ ಅಂದಾಜಿಗೂ ಬಿಟ್ಟುಹೋಗಿದೆ. ಕರ್ನಾಟಕದ ರಾಷ್ಟ್ರೀಯ ಉದ್ಯಾನಗಳಲ್ಲೂ ಪಕ್ಷಿಧಾಮಗಳಲ್ಲೂ ಕ್ಯಾಮೆರಾ ಶುಲ್ಕವನ್ನು ಲೆನ್ಸಿನ ಉದ್ದದ ಮೇಲೆ, ಅಂದರೆ ಇಷ್ಟು ಮಿಲಿಮೀಟರಿಗಿಂತ ಹೆಚ್ಚಾದರೆ ಇಷ್ಟು ಎಂದು ನಿಗದಿ ಮಾಡುವ ಪದ್ಧತಿ ರೂಢಿಯಲ್ಲಿದೆ. ಲೆಕ್ಕಕ್ಕೆ ಸುಲಭವಾದ ಈ ಅಳತೆಯಲ್ಲಿ ಒಂದು ವಿಪರ್ಯಾಸವಿದೆ: ಉದ್ದದ ಲೆನ್ಸು ದೂರದಲ್ಲೇ ನಿಂತು ಚಿತ್ರ ತೆಗೆಯಲು ನೆರವಾಗುವ ಸಾಧನ, ಪ್ರಾಣಿಯ ಸಮೀಪಕ್ಕೆ ನುಗ್ಗುವ ಚಪಲ ಹೆಚ್ಚಾಗಿ ಹುಟ್ಟುವುದು ಮೊಬೈಲು ಹಿಡಿದವರಲ್ಲಿ. ಹುಲಿ ಸಂರಕ್ಷಿತ ಪ್ರದೇಶಗಳ ಕೇಂದ್ರಭಾಗದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಕೆಗೆ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ತಡೆ ಹಾಕಿದ್ದು ಈ ವಾಸ್ತವಕ್ಕೆ ಹತ್ತಿರವಾದ ಕ್ರಮವೆನ್ನಬೇಕು.

ವಾಣಿಜ್ಯವನ್ನು ಅಳೆಯಲು ಎರಡು ಮಾನದಂಡಗಳು ಒಂದರೊಡನೊಂದು ಬೆರೆತುಕೊಂಡಿವೆ. ಚಿತ್ರದಿಂದ ಯಾರಿಗಾದರೂ ಹಣ ಬರುತ್ತದೆಯೇ ಎಂಬುದು ಒಂದು. ಚಿತ್ರ ತೆಗೆಯುವ ಕ್ರಿಯೆಯಿಂದ ಜಾಗದ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದು ಇನ್ನೊಂದು. ಒಂಟಿಯಾಗಿ ಬಂದು ಮರದ ಕೆಳಗೆ ಗಂಟೆಗಟ್ಟಲೆ ಕುಳಿತು ಹಕ್ಕಿಯ ಚಿತ್ರ ತೆಗೆದು ಪತ್ರಿಕೆಗೆ ಮಾರುವವನು ಮೊದಲ ಮಾನದಂಡದಲ್ಲಿ ವ್ಯಾಪಾರಿ, ಎರಡನೆಯದರಲ್ಲಿ ಬಹುತೇಕ ನಿರಪಾಯ. ಬಿಡಿಕಾಸೂ ಪಡೆಯದೆ ಗೆಳೆಯರ ಮದುವೆಗೆಂದು ಹತ್ತು ಹನ್ನೆರಡು ಜನರೊಂದಿಗೆ ಬಂದು ಬಣ್ಣದ ಹೊಗೆ ಹಾರಿಸುವ ತಂಡದ ಸ್ಥಿತಿ ಇದಕ್ಕೆ ತಿರುವುಮುರುವು.

ಎರಡನೆಯ ಅಳತೆ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು ಜಲಾಶಯದ ಅಂಚಿನ ಟಿಟ್ಟಿಭ ಹಕ್ಕಿಯಿಂದ ತಿಳಿಯಬಹುದು. ಬೇಸಗೆಯಲ್ಲಿ ನೀರು ಇಳಿದಾಗ ತೆರೆದುಕೊಳ್ಳುವ ಬರಡು ಗರಸು ನೆಲ ಮದುವೆಯ ಫೋಟೊಗಳಿಗೆ ಹೇಳಿಮಾಡಿಸಿದ ಜಾಗ. ಟಿಟ್ಟಿಭವು ಮೊಟ್ಟೆಯಿಡುವುದೂ ಅಲ್ಲೇ, ಅದೇ ತಿಂಗಳುಗಳಲ್ಲಿ. ಗೂಡೆಂದು ಹೇಳಬಹುದಾದ ಯಾವ ಕಟ್ಟಣೆಯೂ ಇರುವುದಿಲ್ಲ. ಕಲ್ಲುಗಳ ನಡುವಿನ ಸಣ್ಣ ತಗ್ಗಿನಲ್ಲಿ, ಕಲ್ಲಿನದೇ ಬಣ್ಣದ, ಕಪ್ಪು ಚುಕ್ಕೆಯ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳು. ಏಪ್ರಿಲ್ ಬಿಸಿಲಿನಲ್ಲಿ ಈ ಹಕ್ಕಿಯ ಕೆಲಸ ಕಾವು ಕೊಡುವುದಕ್ಕಿಂತ ಹೆಚ್ಚಾಗಿ ಮೊಟ್ಟೆಗಳಿಗೆ ನೆರಳು ಹಿಡಿಯುವುದು. ನೀರಿಗಿಳಿದು ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಅವನ್ನು ತಂಪು ಮಾಡುವುದೂ ಉಂಟು. ಮೊಟ್ಟೆಗಳಿಂದ ಹತ್ತು ಹೆಜ್ಜೆ ದೂರದಲ್ಲಿ ಟ್ರೈಪಾಡ್ ನಿಲ್ಲಿಸಿ ಒಂದು ತಾಸು ಕೆಲಸ ಮಾಡಿದರೆ, ತಂಡದವರಿಗೆ ಮೊಟ್ಟೆ ಕಣ್ಣಿಗೆ ಬೀಳದಿದ್ದರೂ, ಹಕ್ಕಿ ತಲೆಯ ಮೇಲೆ ಕಿರುಚುತ್ತ ಸುತ್ತುತ್ತಿರುತ್ತದೆ ಮತ್ತು ನೆರಳಿಲ್ಲದ ಮೊಟ್ಟೆಗಳು ಬಿಸಿಲಿಗೆ ಬೆಂದುಹೋಗಬಹುದು. ವನ್ಯಜೀವಿ ಕಾಯ್ದೆಯು ಬೇಟೆ ಎಂಬ ಪದಕ್ಕೆ ಕೊಟ್ಟಿರುವ ವಿಸ್ತಾರವಾದ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ, ಮತ್ತು ಬೇಟೆಯ ನಿಷೇಧವು ವನ್ಯಜೀವಿಧಾಮದ ಗಡಿಯ ಹೊರಗೂ ಅನ್ವಯಿಸುತ್ತದೆ. ಗೂಡಿನ ಚಿತ್ರಗಳನ್ನು ಸ್ಪರ್ಧೆಗಳಲ್ಲಿ ಸ್ವೀಕರಿಸದಿರುವ ಪದ್ಧತಿ ಈಚೆಗೆ ಹರಡಿರುವುದಕ್ಕೆ ಹಿಂದಿನ ಕಾರಣವೂ ಇದೇ. ಹಕ್ಕಿಯನ್ನು ಹತ್ತಿರ ಕರೆಯಲು ಅದರದೇ ಕೂಗಿನ ಧ್ವನಿಮುದ್ರಣ ಹಾಕುವುದು, ಆಹಾರದ ಆಸೆ ತೋರಿಸುವುದು, ರಾತ್ರಿ ಪ್ರಾಣಿಗಳ ಕಣ್ಣಿಗೆ ಪ್ರಖರ ಬೆಳಕು ಹಾಯಿಸುವುದು ಕೂಡ ಇದೇ ಬಗೆಯ ಭಾರಗಳು.

ಅನುಮತಿ ಪತ್ರದಲ್ಲಿ ಬರೆದ ಉದ್ದೇಶವು ಕಾಡಿನ ಗೇಟಿನಲ್ಲಿ ಮುಗಿಯದೆ ಚಿತ್ರದ ಬೆನ್ನುಹತ್ತಿ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ತೋರಿಸಿದ ದೊಡ್ಡ ಪ್ರಕರಣ ಕನ್ನಡನಾಡಿನದೇ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಿರ್ದೇಶಿಸಿದ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರವು ಕರ್ನಾಟಕ ಅರಣ್ಯ ಇಲಾಖೆಯ ಸಹಯೋಗದಲ್ಲಿ ಹಲವು ವರ್ಷಗಳ ಚಿತ್ರೀಕರಣದಿಂದ ರೂಪುಗೊಂಡದ್ದು. ಡೇವಿಡ್ ಆಟೆನ್‌ಬರೋ ಅವರ ನಿರೂಪಣೆ ಅದಕ್ಕಿತ್ತು. 2020ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ತೆರೆಕಂಡು, 2019ನೆಯ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ನಿರೂಪಣೆಯೂ ಸೇರಿದಂತೆ ಎರಡು ಗೌರವಗಳನ್ನು ಪಡೆಯಿತು. ಅನಂತರ ಕರ್ನಾಟಕ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ದಾಖಲಾಯಿತು. ಇಲಾಖೆಯೊಡನೆ ಮಾಡಿಕೊಂಡ ಒಡಂಬಡಿಕೆಗೆ ವಿರುದ್ಧವಾಗಿ ಚಿತ್ರವನ್ನೂ ಅದಕ್ಕಾಗಿ ಸೆರೆಹಿಡಿದ ದೃಶ್ಯಗಳನ್ನೂ ವಾಣಿಜ್ಯಕ್ಕೆ ಬಳಸಲಾಗಿದೆ ಎಂಬುದು ಅರ್ಜಿದಾರರ ದೂರಿನ ತಿರುಳು. 2021ರ ಜೂನ್ ಕೊನೆಯಲ್ಲಿ ಹೈಕೋರ್ಟು ಚಿತ್ರದ ಪ್ರದರ್ಶನಕ್ಕೂ ದೃಶ್ಯಗಳ ಬಳಕೆಗೂ ಮಧ್ಯಂತರ ತಡೆ ನೀಡಿತು. ತಡೆಯಿದ್ದರೂ ಪ್ರಸಾರವಾಗಿದೆ ಎಂಬ ಆರೋಪದ ಮೇಲೆ 2022ರಲ್ಲಿ ಅಂತರರಾಷ್ಟ್ರೀಯ ಪ್ರಸಾರ ಸಂಸ್ಥೆಗಳೂ ಸೇರಿ ಹಲವರ ವಿರುದ್ಧ ನ್ಯಾಯಾಂಗ ನಿಂದನೆಯ ವಿಚಾರಣೆ ಆರಂಭವಾಯಿತು.

ಆರೋಪಗಳ ಸರಿತಪ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ಸಾಮಾನ್ಯ ಓದುಗರಿಗೆ ಇದರಲ್ಲಿ ಗಮನಿಸಬೇಕಾದ ಅಂಶ ಬೇರೆಯಿದೆ: ಚಿತ್ರೀಕರಣದ ವೇಳೆ ಕಾಡಿಗೆ ಹಾನಿಯಾಯಿತೇ ಎಂಬುದರ ಸುತ್ತ ಹೆಣೆದುಕೊಂಡ ವ್ಯಾಜ್ಯ ಇದಲ್ಲ, ಸಾರ್ವಜನಿಕ ಕಾಡಿನಲ್ಲಿ ಸಾರ್ವಜನಿಕ ಸಂಸ್ಥೆಯ ನೆರವಿನಿಂದ ತೆಗೆದ ದೃಶ್ಯದ ಗಳಿಕೆ ಯಾರದು ಎಂಬುದರ ಸುತ್ತ. ಅಂದರೆ ಇಲ್ಲಿ ಕೆಲಸ ಮಾಡಿರುವುದು ಮೊದಲ ಮಾನದಂಡ, ಹಣದ್ದು. ಕಾಡು ಸಮುದಾಯದ ಆಸ್ತಿಯಾಗಿರುವಾಗ ಈ ಪ್ರಶ್ನೆ ಅಸಂಗತವೇನೂ ಅಲ್ಲ. ಆದರೆ ಅದಕ್ಕೆ ಉತ್ತರ ಕೊಡಬೇಕಾದದ್ದು ಒಪ್ಪಂದದ ಭಾಷೆಯೇ ಹೊರತು ವನ್ಯಜೀವಿ ಕಾಯ್ದೆಯಲ್ಲ, ಮತ್ತು ಒಪ್ಪಂದದಲ್ಲಿ ದೃಶ್ಯಗಳ ಮಾರಾಟ, ಮರುಬಳಕೆ, ಉಳಿದ ತುಣುಕುಗಳ ಒಡೆತನ ಇವೆಲ್ಲ ಬಿಡಿಬಿಡಿಯಾಗಿ ಬರೆದಿರದಿದ್ದರೆ ಜಗಳ ಬಹುಮಟ್ಟಿಗೆ ಖಚಿತ.

ಕಥಾಚಿತ್ರಗಳೂ ದೊಡ್ಡ ಟಿವಿ ಕಾರ್ಯಕ್ರಮಗಳೂ ಕಾಡಿಗೆ ಬಂದಾಗ ವಿವಾದ ಎರಡನೆಯ ಮಾನದಂಡಕ್ಕೆ ಮರಳುತ್ತದೆ. 2020ರ ಜನವರಿಯಲ್ಲಿ ಬಂಡೀಪುರದಲ್ಲಿ ರಜನೀಕಾಂತ್ ಅವರು ಬೇರ್ ಗ್ರಿಲ್ಸ್ ಜೊತೆಗಿನ ಸಾಹಸ ಕಾರ್ಯಕ್ರಮದಲ್ಲಿ ಪಾಲ್ಗೊಂಡಾಗ ಪರಿಸರಾಸಕ್ತರು ಎತ್ತಿದ ಆಕ್ಷೇಪ ಒಣಕಾಲದ ಬೆಂಕಿಯ ಅಪಾಯದ ಬಗ್ಗೆ. ಹಿಂದಿನ ವರ್ಷದ ಫೆಬ್ರವರಿಯಲ್ಲಷ್ಟೇ ಆ ಕಾಡಿನ ಒಂದು ಭಾಗ ಕಿಚ್ಚಿಗೆ ಸಿಕ್ಕಿತ್ತು. ತಮಿಳುನಾಡಿನ ತೆಂಕಾಸಿ ಜಿಲ್ಲೆಯಲ್ಲಿ ಧನುಷ್ ಅಭಿನಯದ ‘ಕ್ಯಾಪ್ಟನ್ ಮಿಲ್ಲರ್’ ಚಿತ್ರೀಕರಣವನ್ನು 2023ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಅನುಮತಿಯ ಕಾರಣ ನೀಡಿ ನಿಲ್ಲಿಸಿತು. 2025ರ ಏಪ್ರಿಲ್‌ನಲ್ಲಿ ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಮಲಯಾಳಂ ಚಿತ್ರವೊಂದಕ್ಕೆ ಸಿಕ್ಕ ಅನುಮತಿಯೂ ಟೀಕೆಗೆ ಗುರಿಯಾಯಿತು. ಸಾಮಾನ್ಯ ಪ್ರವಾಸಿಗೆ ತನ್ನ ಕಾರನ್ನೇ ಮೇಲಕ್ಕೆ ಒಯ್ಯಲು ಬಿಡದೆ ಸರ್ಕಾರಿ ಬಸ್ಸಿನಲ್ಲಿ ಕರೆದೊಯ್ಯುವ ಆ ಬೆಟ್ಟಕ್ಕೆ ಸಿನಿಮಾದ ವಾಹನಗಳು ಹೇಗೆ ಏರಿದವು ಎಂದು ಜನ ಕೇಳಿದ್ದರಲ್ಲಿ ನ್ಯಾಯವಿತ್ತು.

ಡ್ರೋನ್‌ಗಳದು ಪ್ರತ್ಯೇಕ ಕಟ್ಟಳೆ. 2021ರ ಆಗಸ್ಟಿನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು 250 ಗ್ರಾಂವರೆಗಿನ ಪುಟ್ಟ ಯಂತ್ರಗಳನ್ನೂ, 2 ಕಿಲೋವರೆಗಿನವನ್ನು ವಾಣಿಜ್ಯೇತರವಾಗಿ ಹಾರಿಸುವವರನ್ನೂ ಚಾಲಕ ಪರವಾನಗಿಯಿಂದ ಬಿಟ್ಟಿವೆ. ದುಡಿಮೆಗಾಗಿ ಹಾರಿಸುವವರಿಗೆ ಆ ಎರಡನೆಯ ವಿನಾಯಿತಿ ಇಲ್ಲ. ನಕ್ಷೆಯಲ್ಲಿ ಹಸಿರು ವಲಯವೆಂದು ತೋರಿಸಿದ ಕಡೆ ಸುಮಾರು 120 ಮೀಟರ್ ಎತ್ತರದವರೆಗೆ ವಿಮಾನಯಾನ ಇಲಾಖೆಯ ಪೂರ್ವಾನುಮತಿ ಬೇಕಿಲ್ಲ ಎಂಬುದನ್ನೇ ಹಿಡಿದು ಕಾಡಿನ ಮೇಲೂ ಹಾರಿಸುವವರಿದ್ದಾರೆ. ಆಕಾಶದ ಅನುಮತಿ ಬೇರೆ, ಕೆಳಗಿನ ಕಾಡಿನ ಅನುಮತಿ ಬೇರೆ. ಒಂದು ಇನ್ನೊಂದಕ್ಕೆ ಬದಲಿಯಾಗದು.

ಈ ಸೀಮೆಯ ಕಾಡುಗಳಿಗೆ ಛಾಯಾಗ್ರಾಹಕರು ಇಷ್ಟು ಸಲೀಸಾಗಿ ಬರತೊಡಗಿದ್ದೇ ಈಚೆಗೆ ಎಂಬುದನ್ನೂ ಇಲ್ಲಿ ನೆನೆಯಬಹುದು. ಬಂಡೀಪುರದ ಸೀಳುನಾಯಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರ ಮಾಡಿದ ಕೃಪಾಕರ ಮತ್ತು ಸೇನಾನಿ ಅವರನ್ನು 1997ರಲ್ಲಿ ಕಾಡುಗಳ್ಳ ವೀರಪ್ಪನ್ ಅಪಹರಿಸಿ ಎರಡು ವಾರ ಸೆರೆಯಲ್ಲಿಟ್ಟಿದ್ದ. ಅವನ ಕಥೆ 2004ರ ಅಕ್ಟೋಬರ್ 18ರಂದು ಮುಗಿದದ್ದು ಇದೇ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ. ಆ ಕಾಲದಲ್ಲಿ ಕ್ಯಾಮೆರಾವನ್ನು ಕಾಡಿನಿಂದ ದೂರವಿಟ್ಟದ್ದು ಭಯ. ಆ ಭಯ ಹೋದ ಮೇಲೆ ಅದರ ಜಾಗಕ್ಕೆ ಬರಬೇಕಿದ್ದ ಸ್ಪಷ್ಟ ನಿಯಮಗಳು ಇನ್ನೂ ಪೂರ್ತಿ ಬಂದಿಲ್ಲ.

ಹೊರದೇಶಗಳಲ್ಲೂ ಇದೇ ಗೊಂದಲ ಬಹುಕಾಲ ಇತ್ತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2000ನೆಯ ಇಸವಿಯ ಕಾನೂನು ವಾಣಿಜ್ಯ ಚಲನಚಿತ್ರಣಕ್ಕೆ ಪರವಾನಗಿ ಮತ್ತು ಶುಲ್ಕವನ್ನು ಕಡ್ಡಾಯ ಮಾಡಿತ್ತು. ಸ್ಥಿರಚಿತ್ರಗಳಿಗೆ ಮಾತ್ರ ರೂಪದರ್ಶಿಗಳು, ಸೆಟ್ಟು, ಪರಿಕರಗಳಿದ್ದರೆ ಪರವಾನಗಿ ಎಂಬ ರೀತಿಯ ಭೇದವಿತ್ತು. ಅನುಮತಿಯಿಲ್ಲದೆ ಚಿತ್ರೀಕರಿಸಿದ ಸ್ವತಂತ್ರ ಚಿತ್ರಕಾರರೊಬ್ಬರ ಮೊಕದ್ದಮೆ ಮೇಲಿನ ನ್ಯಾಯಾಲಯದವರೆಗೂ ಹೋಯಿತು. 2025ರ ಜನವರಿಯಲ್ಲಿ ಜಾರಿಯಾದ ಹೊಸ ಕಾನೂನು ಆ ಗೆರೆಯನ್ನೇ ಅಳಿಸಿದೆ: ಸಣ್ಣ ತಂಡ, ಕೈಯಲ್ಲಿ ಒಯ್ಯುವ ಸಾಧನಗಳು, ಸಾರ್ವಜನಿಕರಿಗೆ ತೆರೆದ ಜಾಗ, ಇತರರಿಗೆ ಅಡ್ಡಿಯಿಲ್ಲ ಎಂಬ ಷರತ್ತುಗಳಿಗೆ ಒಳಪಟ್ಟರೆ ಹಣಕ್ಕಾಗಿ ತೆಗೆದರೂ ಪರವಾನಗಿ ಬೇಡ. 2022ರ ಭಾರತೀಯ ತಿದ್ದುಪಡಿಯ ಮಾತುಗಳೂ ಭಾರವನ್ನೇ ಮುಖ್ಯವಾಗಿ ನೋಡುತ್ತವೆ. ಗೇಟಿನ ಶುಲ್ಕಪಟ್ಟಿಗಳು ಮಾತ್ರ ಅದಕ್ಕೆ ಹೊಂದಿಕೊಂಡಿಲ್ಲ. ಮನುಷ್ಯರಿಂದ ಕಿಕ್ಕಿರಿದ ಇಲ್ಲಿನ ಕಾಡುಗಳಿಗೆ ಅಮೆರಿಕದಷ್ಟು ಸಡಿಲ ನೀತಿ ಒಗ್ಗದು ನಿಜ, ಆದರೆ ಜನರ ಸಂಖ್ಯೆ, ಸಲಕರಣೆ, ಹೊತ್ತು ಮತ್ತು ಋತುವನ್ನು ಆಧರಿಸಿದ ಶುಲ್ಕವು ಲೆನ್ಸಿನ ಉದ್ದವನ್ನು ಆಧರಿಸಿದ ಶುಲ್ಕಕ್ಕಿಂತ ನ್ಯಾಯವಾದದ್ದು.

ಅನುಮತಿಗೂ ಹಕ್ಕುಸ್ವಾಮ್ಯಕ್ಕೂ ಸಂಬಂಧ ಕಲ್ಪಿಸುವ ತಪ್ಪನ್ನೂ ಬಿಡಿಸಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಮೊದಲ ಒಡೆಯ ಅದನ್ನು ತೆಗೆದವನು. ಹಣ ಕೊಟ್ಟು ಮಾಡಿಸಿಕೊಂಡ ಚಿತ್ರವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮಾಡಿಸಿಕೊಂಡವರು. ಆದ್ದರಿಂದ ಮದುವೆಯ ಚಿತ್ರವನ್ನು ಸ್ಟುಡಿಯೋ ತನ್ನ ಜಾಹೀರಾತಿಗೆ ಬಳಸಬೇಕಾದರೆ ದಂಪತಿಗಳ ಒಪ್ಪಿಗೆ ಬೇಕು. ಬೆಟ್ಟವನ್ನಾಗಲಿ ಹೊಳೆಯನ್ನಾಗಲಿ ಚಿತ್ರಿಸಿದ ಮಾತ್ರಕ್ಕೆ ಇಲಾಖೆಗೆ ಆ ಚಿತ್ರದ ಒಡೆತನ ಬಾರದು. ಇಲಾಖೆಗೆ ಒಂದು ಪ್ರತಿ ಕೊಡಬೇಕು, ಸಂರಕ್ಷಣಾ ಪ್ರಚಾರಕ್ಕೆ ಬಳಸಲು ಬಿಡಬೇಕು ಎಂಬಂಥ ಶರತ್ತನ್ನು ಅನುಮತಿ ಪತ್ರದಲ್ಲಿ ಹಾಕಿದರೆ ಅದಕ್ಕೆ ಸಹಿ ಮಾಡಿದವರು ಬದ್ಧರಾಗುತ್ತಾರೆ, ಅಷ್ಟೇ.

ಅರ್ಜಿಯ ವಿಧಾನ ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬೇರೆಯಾದರೂ ಕೇಳುವ ವಿವರಗಳ ಸ್ವರೂಪ ಒಂದೇ: ಚಿತ್ರದ ವಿಷಯ, ಸ್ಥಳ, ದಿನಾಂಕ, ತಂಡದ ಗಾತ್ರ, ವಾಹನ, ದೀಪ, ಜನರೇಟರ್, ಡ್ರೋನ್, ಮತ್ತು ಬಳಕೆಯ ಉದ್ದೇಶ. ಜೊತೆಗೆ ಠೇವಣಿ ಕೇಳಬಹುದು, ಇಲಾಖೆಯ ಸಿಬ್ಬಂದಿಯೊಬ್ಬರನ್ನು ಕಾವಲಿಗೆ ಕಳುಹಿಸಬಹುದು. ಉದ್ದೇಶದ ಸಾಲಿನಲ್ಲಿ ಶೈಕ್ಷಣಿಕ ಎಂದು ಬರೆದು ಶುಲ್ಕ ಉಳಿಸಿ ಅನಂತರ ದೃಶ್ಯಗಳನ್ನು ಮಾರುವುದು ಎಂಥ ತೊಡಕಿಗೆ ದಾರಿಯಾಗಬಲ್ಲದು ಎಂಬುದನ್ನು ಮೇಲಿನ ‘ವೈಲ್ಡ್ ಕರ್ನಾಟಕ’ ಪ್ರಕರಣ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ವಿದೇಶಿ ತಂಡಗಳು ಇದಕ್ಕೂ ಮೊದಲು ಕೇಂದ್ರ ಸರ್ಕಾರದ ಅನುಮತಿ ಮತ್ತು ಚಿತ್ರೀಕರಣದ ವೀಸಾ ಪಡೆಯಬೇಕಾಗುತ್ತದೆ.

ಹೊಗೇನಕಲ್ಲಿನಲ್ಲಿ ಈ ಎಲ್ಲ ಪದರಗಳೂ ಒಂದು ಹರಿಗೋಲಿನೊಳಗೆ ಬಂದು ಕೂರುತ್ತವೆ. ನದಿಯ ಈ ದಡ ಧರ್ಮಪುರಿ ಜಿಲ್ಲೆ, ಆ ದಡ ಕರ್ನಾಟಕ. ಎರಡೂ ಕಡೆ ಅರಣ್ಯ, ಎರಡಕ್ಕೂ ಬೇರೆ ಬೇರೆ ಮುಖ್ಯ ವನ್ಯಜೀವಿ ಪರಿಪಾಲಕರು. ತಮಿಳುನಾಡಿನ ದಡದಲ್ಲಿ ಹರಿಗೋಲು ಹತ್ತಿದ ತಂಡವು ಬಂಡೆಗಳ ನಡುವಿನ ಕಿರುದಾರಿಯಲ್ಲಿ ತೇಲಿ ಆಚೆ ದಡದ ಮರಳಿನಲ್ಲಿ ಕ್ಯಾಮೆರಾ ಇಳಿಸಿದರೆ ರಾಜ್ಯವೇ ಬದಲಾಗಿರುತ್ತದೆ, ಅನುಮತಿ ಪತ್ರ ಮಾತ್ರ ಹಳೆಯದೇ. ಹರಿಗೋಲು ನಡೆಸುವವರಿಗೆ ಎಲ್ಲಿಯವರೆಗೆ ಹೋಗಬಹುದು ಎಂಬ ಗುರುತು ಚೆನ್ನಾಗಿ ತಿಳಿದಿರುವುದರಿಂದ ಅವರ ಮಾತು ಕೇಳುವುದು ಕ್ಷೇಮ. ಎಲ್ಲ ಕಾಗದಗಳೂ ಸರಿಯಿದ್ದ ದಿನವೂ ಕೆಲಸ ನಡೆದೇ ನಡೆಯುತ್ತದೆ ಎನ್ನುವಂತಿಲ್ಲ: ಮೇಲಿನ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗ ಅಳೆಯುವ ಒಳಹರಿವು ಏರಿತೆಂದರೆ ಧರ್ಮಪುರಿ ಜಿಲ್ಲಾಡಳಿತ ಸ್ನಾನಕ್ಕೂ ಹರಿಗೋಲಿಗೂ ತಡೆ ಹಾಕುತ್ತದೆ, ಕೆಲವೊಮ್ಮೆ ದಿನಗಟ್ಟಲೆ. ಹಾಗೆ ಕಳೆದುಹೋದ ದಿನಗಳಿಗೆ ಕಟ್ಟಿದ ಶುಲ್ಕ ಮರಳುವುದೇ, ಬೇರೆ ದಿನಾಂಕಕ್ಕೆ ಹೊಂದಿಸಿಕೊಡಲಾಗುವುದೇ ಎಂಬುದನ್ನು ಹಣ ಕಟ್ಟುವ ಮೊದಲೇ ಕಚೇರಿಯಲ್ಲಿ ಕೇಳಿ ಬರಹದಲ್ಲಿ ಪಡೆದುಕೊಳ್ಳುವುದು, ಅದರಲ್ಲೂ ಮುಂಗಾರಿನ ತಿಂಗಳುಗಳಲ್ಲಿ ಬರುವ ತಂಡಗಳಿಗೆ, ಒಳ್ಳೆಯದು.